ಯಜಮಾನರ ದೊಡ್ಡ ದೌರ್ಬಲ್ಯ

ಇಂಟರ್ವ್ಯೂ ಅನ್ನುವುದನ್ನು ಕಂಡುಹಿಡಿದ ಮಹಾನುಭಾವ ಯಾರೋ ಗೊತ್ತಿಲ್ಲ. ಸಿಕ್ಕಿದರೆ ಅವನನ್ನು ಒಂದು ಕಾಲು ಗಿಡ್ಡವಿರುವ ಕುರ್ಚಿಯ ಮೇಲೆ ಕೂರಿಸಿ, "ತಾವು ಯಾಕೆ ಹುಟ್ಟಿದಿರಿ, ಸೂಕ್ತ ಉದಾಹರಣೆಯೊಂದಿಗೆ ವಿವರಿಸಿ" ಎಂದು ಕೇಳಬೇಕೆಂಬುದು ಈ ಕಥೆಯ ಯಜಮಾನರ ಜೀವಮಾನದ ಆಸೆಯಾಗಿತ್ತು. (ಯಜಮಾನರು ಅನ್ನುವುದು ಮನೆಯಲ್ಲಿ ಅವರನ್ನು ಕರೆಯುವ ಹೆಸರು. ಯಾವುದಕ್ಕೆ ಯಜಮಾನರು ಎಂದು ಮಾತ್ರ ಕೇಳಬೇಡಿ, ಅದು ಅವರಿಗೂ ಗೊತ್ತಿಲ್ಲ.)

ಯಜಮಾನರು ಅಂಗಡಿಯೊಂದರಲ್ಲಿ ಕಬ್ಬಿಣದ ಬೀರು ಮಾರಿ ಬದುಕಿದವರು. ಅವರು ಆ ಅಂಗಡಿಗೆ ಸೇರಿದ ಕಾಲದಲ್ಲಿ ಇಂಟರ್ವ್ಯೂ ಅಂದರೆ ಮಾಲೀಕರು "ಬೀರು ಎತ್ತೋಕೆ ಆಗತ್ತಾ?" ಅಂದಿದ್ದರು, ಇವರು ಒಂದು ತುದಿ ಎತ್ತಿ ತೋರಿಸಿದ್ದರು, ಕೆಲಸ ಆಗಿತ್ತು. ಈಗ ಮಾಲೀಕರ ಮಕ್ಕಳು ಜಗಳವಾಡಿಕೊಂಡು ಅಂಗಡಿಗೆ ಬೀಗ ಜಡಿದಿದ್ದರು. ಯಜಮಾನರು ಮನೆಯ ಸೋಫಾದ ಬಲಮೂಲೆಯಲ್ಲಿ ಸ್ಥಾಪಿತರಾಗಿದ್ದರು. ಹೆಂಡತಿ ಕಸ ಗುಡಿಸುವಾಗ ಕಾಲೆತ್ತುವುದು, ಒರೆಸುವಾಗ ಮತ್ತೊಮ್ಮೆ ಕಾಲೆತ್ತುವುದು, ಇಷ್ಟೇ ಅವರ ದಿನಚರಿ. ಕಾಲೆತ್ತಿದವರು ಕೆಲವು ಸಲ ಹಾಗೆಯೇ ನಿದ್ದೆ ಹೋಗಿಬಿಡುತ್ತಿದ್ದರು.

ಹೀಗಿರುವಾಗ ಊರಿನ ದೊಡ್ಡ ಹಾಸಿಗೆ ಅಂಗಡಿಯೊಂದಕ್ಕೆ ಮಾರಾಟದವರು ಬೇಕೆಂದು ಪೇಪರಿನಲ್ಲಿ ಬಂತು. ಹೆಂಡತಿ ಅದನ್ನು ಕತ್ತರಿಸಿ ಅವರ ಕಾಫಿ ಲೋಟದ ಕೆಳಗಿಟ್ಟಳು.

"ಶುಕ್ರವಾರ ಇಂಟರ್ವ್ಯೂ. ಈ ಕೆಲಸ ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ಸೋಮವಾರದಿಂದ ನನ್ನ ತಮ್ಮನ ಅಂಗಡಿಗೆ ಹೋಗಿ. ಅವನ ಹತ್ರ ಮಾತಾಡಿಟ್ಟಿದೀನಿ."

ಯಜಮಾನರು ಕಾಫಿ ಲೋಟವನ್ನು ದೂರ ಸರಿಸಿದರು. ಭಾವಮೈದುನನದು ಬಚ್ಚಲುಮನೆ ಸಾಮಾನಿನ ಅಂಗಡಿ. ನಲ್ಲಿ, ಬೇಸಿನ್ನು, ಸಾಲು ಸಾಲಾಗಿ ಕಮೋಡು. ಅದಾದರೂ ಪರವಾಗಿಲ್ಲ, ಆದರೆ ಇವರ ಮದುವೆಯ ಹೊತ್ತಿಗೆ ಅವನು ಮೂಗು ಸುರಿಸಿಕೊಂಡು ಓಡಾಡುತ್ತಿದ್ದ ಪೋರ. ಇವರೇ ಅವನ ಕಿವಿ ಹಿಂಡಿ ಮಗ್ಗಿ ಬಾಯಿಪಾಠ ಮಾಡಿಸಿದ್ದರು. ಈಗ ಅವನ ಅಂಗಡಿಯ ಕೆಲಸದವರೆಲ್ಲ ಅವನನ್ನು 'ಸಾರ್' ಅನ್ನುತ್ತಾರೆ. ಮಗ್ಗಿ ಕಲಿಸಿದ ಬಾಯಿಂದ ಸಾರ್ ಅನ್ನುವುದಕ್ಕಿಂತ ಹಾಸಿಗೆ ಮಾರುವುದೇ ಮೇಲೆಂದು ಯಜಮಾನರು ಸೋಫಾದಿಂದ ಎದ್ದರು.

"ಬೀರು ಮಾರಿದವನಿಗೆ ಹಾಸಿಗೆ ಯಾವ ಲೆಕ್ಕ? ಹೋಗ್ತೀನಿ, ಮಾತಾಡ್ತೀನಿ, ಬರ್ತೀನಿ."

"ನೀವು ಮಾತಾಡೋದು ನನಗೆ ಗೊತ್ತಿಲ್ವಾ? ಮೊದಲು ನಾನು ಹೇಳ್ಕೊಡ್ತೀನಿ."

ಹೆಂಡತಿ ಈ ವಿದ್ಯೆಯನ್ನು ಮೊಬೈಲಿನಲ್ಲಿ ಕಲಿತಿದ್ದಳು. ಅದರಲ್ಲಿ ಟೈ ಕಟ್ಟಿಕೊಂಡ ಒಬ್ಬಾತ ಕಷ್ಟದ ಪ್ರಶ್ನೆಗಳಿಗೆ ಉತ್ತರ ಕೊಡುವುದನ್ನು ಹೇಳಿಕೊಡುತ್ತಿದ್ದ. ಮನೆಯಲ್ಲಿ ಅವನಿಗೆ ಟೈ ಮಾಮ ಎಂದು ಹೆಸರಾಯಿತು. ಏನೇ ಕೇಳಲಿ, ಮೊದಲು ಪ್ರಶ್ನೆಯನ್ನು ಹೊಗಳಬೇಕು. ಆಮೇಲೆ ನಮ್ಮ ಕೆಟ್ಟ ಗುಣವನ್ನೇ ಒಳ್ಳೆಯದಾಗಿ ತಿರುಗಿಸಿ ಹೇಳಬೇಕು. ಕೊನೆಗೆ ಹಲ್ಲು ಕಾಣದ ಹಾಗೆ ನಗಬೇಕು. ಟೈ ಮಾಮನ ಸಿದ್ಧಾಂತವೆಲ್ಲ ಇಷ್ಟೇ. ಸತ್ಯ ಹೇಳಬೇಕೆಂದು ಅವನು ಎಲ್ಲೂ ಹೇಳಿರಲಿಲ್ಲ.

ಊಟದ ಮೇಜಿನ ಆ ಕಡೆ ಹೆಂಡತಿ, ಈ ಕಡೆ ಯಜಮಾನರು. ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮಗಳು, ತಮಾಷೆ ನೋಡಲು.

"ನಿಮ್ಮ ಬಗ್ಗೆ ಹೇಳಿ."

"ನನ್ನ ಬಗ್ಗೆ ನಿನಗೆ ಗೊತ್ತಿಲ್ದೆ ಇರೋದು ಏನಿದೆ?"

"ರೀ, ನಾನೀಗ ನಿಮ್ಮ ಹೆಂಡತಿ ಅಲ್ಲ."

"ಅಬ್ಬ," ಎಂದರು ಯಜಮಾನರು, ಮನಸ್ಸಿನಲ್ಲಿ ಅಂದುಕೊಂಡದ್ದು ಬಾಯಿಗೆ ಬಂದುಬಿಟ್ಟಿತ್ತು. ಆ ದಿನದ ಪಾಠ ಅಲ್ಲಿಗೇ ನಿಂತಿತು. ಮಧ್ಯಾಹ್ನದ ಊಟವೂ ತುಸು ತಡವಾಯಿತು.

ಮಾರನೆಯ ದಿನ ಪುನಃ ಶುರು. "ಐದು ವರ್ಷ ಆದ್ಮೇಲೆ ನೀವು ಎಲ್ಲಿರ್ತೀರಿ?"

"ಬಾಡಿಗೆ ಜಾಸ್ತಿ ಮಾಡದೆ ಇದ್ರೆ ಇದೇ ಮನೇಲಿ."

"ಹಾಗಲ್ಲರೀ. ಬಹಳ ಒಳ್ಳೆಯ ಪ್ರಶ್ನೆ ಅನ್ನಿ. ಸಂಸ್ಥೆಯ ಜೊತೆ ನಾನೂ ಬೆಳೆದಿರ್ತೀನಿ ಅನ್ನಿ."

"ಈ ವಯಸ್ಸಲ್ಲಿ ಇನ್ನೆಲ್ಲಿ ಬೆಳೀಲಿ? ಹೊಟ್ಟೆ ಒಂದು ಬೆಳೀಬಹುದು."

"ಅಮ್ಮಾ, ಅಪ್ಪನ್ನ ಸೀದಾ ಮಾಮನ ಅಂಗಡಿಗೇ ಕಳಿಸು," ಎಂದಳು ಮಗಳು.

ಆ ಮಾತು ಕೆಲಸ ಮಾಡಿತು. ಯಜಮಾನರು ಹಟಕ್ಕೆ ಬಿದ್ದರು. ಬಿದ್ದವರು ಎಷ್ಟು ಆಳಕ್ಕೆ ಬಿದ್ದರೆಂದರೆ, ಗುರುವಾರದ ಹೊತ್ತಿಗೆ ಮನೆಯಲ್ಲಿ ಯಾರೂ ಅವರನ್ನು ಏನೂ ಕೇಳುವ ಹಾಗಿರಲಿಲ್ಲ. ಮಗಳು "ಅಪ್ಪಾ, ನನ್ನ ಛತ್ರಿ ನೋಡಿದ್ಯಾ?" ಅಂದರೆ, "ಬಹಳ ಒಳ್ಳೆಯ ಪ್ರಶ್ನೆ. ಛತ್ರಿಯನ್ನು ಕಳೆಯುವುದು ನನ್ನ ದೌರ್ಬಲ್ಯ ಅನ್ನಬಹುದು, ಆದರೆ ಅದರಿಂದಲೇ ನಾನು ಹುಡುಕುವುದರಲ್ಲಿ ಪಳಗಿದ್ದೇನೆ" ಎಂದು ಹೇಳಿ ಹಲ್ಲು ಕಾಣದ ಹಾಗೆ ನಗುತ್ತಿದ್ದರು. ಛತ್ರಿ ಸಿಗುತ್ತಿರಲಿಲ್ಲ. ಕ್ಷೌರಿಕ "ಮೀಸೆ ಇಡ್ಲಾ, ತೆಗೀಲಾ?" ಎಂದು ಕೇಳಿದಾಗಲೂ ಇದೇ ಆಯಿತು. ಉತ್ತರ ಮುಗಿಯುವಷ್ಟರಲ್ಲಿ ಅವನ ಕೈ ಓಡಿ ಅರ್ಧ ಮೀಸೆ ಹೋಗಿತ್ತು. ಉಳಿದರ್ಧವನ್ನು ಇವರೇ ತೆಗೆಸಿಕೊಂಡು ಬಂದರು.

ಹೆಂಡತಿ ಬೋಳು ಮುಖವನ್ನು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. ಸಾವರಿಸಿಕೊಂಡು, "ಇರಲಿ, ಮೀಸೆ ಇಲ್ದೆ ಪ್ರಾಮಾಣಿಕರ ಹಾಗೆ ಕಾಣ್ತೀರಿ" ಎಂದಳು. ಟೈ ಮಾಮನ ವಿದ್ಯೆ ಅವಳಿಗೆ ಪೂರ್ತಿ ಸಿದ್ಧಿಸಿತ್ತು.

ಶುಕ್ರವಾರ ಹೊರಡುವಾಗ ಕಾಫಿಗೆ ಡಿಕಾಕ್ಷನ್ ಎರಡರಷ್ಟು ಹಾಕಿ ಕೊಟ್ಟಳು, ಹೋದಲ್ಲಿ ತೂಕಡಿಸದಿರಲೆಂದು. ಶರ್ಟಿನ ಕಾಲರು ಸರಿಮಾಡಿ, "ಈ ಇಂಟರ್ವ್ಯೂನವರು ಖದೀಮರು ಕಣ್ರೀ. ನೀರು ಕೊಡೋದ್ರಲ್ಲೂ ಪರೀಕ್ಷೆ ಇರತ್ತಂತೆ. ಮನೆಗೂ ಫೋನ್ ಮಾಡಿ ಬಾಯಿ ಬಿಡಿಸ್ತಾರಂತೆ. ನೀವು ಅಲ್ಲಿ ನೋಡ್ಕೊಳ್ಳಿ, ಇಲ್ಲಿ ನಾನಿದೀನಿ" ಎಂದಳು.

ಇಂಟರ್ವ್ಯೂ ಹಾಸಿಗೆ ಅಂಗಡಿಯ ಒಳಗೇ ಇತ್ತು. ಗಾಜಿನ ಗೋಡೆಯಾಚೆ ರಸ್ತೆ, ಈಚೆ ಎಲ್ಲಿ ನೋಡಿದರೂ ಹಾಸಿಗೆ. ಮಾಲೀಕರು ದಪ್ಪಗೆ, ನಗುಮುಖದವರು. ಅವರ ಪಕ್ಕದಲ್ಲಿ ಕನ್ನಡಕದ ಮೇಡಂ, ಅಂಗಡಿಯ ವ್ಯವಹಾರವೆಲ್ಲ ಅವರದೇ ಅಂತ ನೋಡಿದ ತಕ್ಷಣ ಗೊತ್ತಾಗುತ್ತಿತ್ತು. ಯಜಮಾನರನ್ನು ಒಂದು ಹಾಸಿಗೆಯ ಅಂಚಿನ ಮೇಲೆ ಕೂರಿಸಿದರು. ಅದು ಮೆತ್ತಗಿದ್ದು ಅವರನ್ನು ಸೊಂಟದವರೆಗೆ ಒಳಗೆಳೆದುಕೊಂಡಿತು.

"ನೀರು ಕುಡೀತೀರಾ?" ಎಂದರು ಮಾಲೀಕರು.

ಯಜಮಾನರು ಮೈಯೆಲ್ಲ ಎಚ್ಚರವಾದರು. "ಬಹಳ ಒಳ್ಳೆಯ ಪ್ರಶ್ನೆ. ನೀರಿನ ವಿಷಯದಲ್ಲಿ ನನಗೆ ದೀರ್ಘಕಾಲದ ಅನುಭವವಿದೆ. ತಂಡದೊಂದಿಗೂ ಕುಡಿಯಬಲ್ಲೆ, ಒಬ್ಬನೇ ಕೂಡ ಕುಡಿಯಬಲ್ಲೆ."

ಮಾಲೀಕರು ಲೋಟವನ್ನು ನಿಧಾನವಾಗಿ ಹಿಂದಕ್ಕಿಟ್ಟರು.

"ನಿಮ್ಮ ದೌರ್ಬಲ್ಯ ಏನು?" ಎಂದರು ಮೇಡಂ.

"ಬಹಳ ಒಳ್ಳೆಯ ಪ್ರಶ್ನೆ. ಅತಿಯಾದ ಶ್ರಮವೇ ನನ್ನ ದೌರ್ಬಲ್ಯ."

"ಬೆಳಗ್ಗೆಯಿಂದ ಬಂದವರೆಲ್ಲರದ್ದೂ ಅದೇ ದೌರ್ಬಲ್ಯ. ಇಷ್ಟೊಂದು ಶ್ರಮಜೀವಿಗಳಿರೋ ಊರಲ್ಲಿ ಒಂದು ರಸ್ತೆ ನೆಟ್ಟಗಿಲ್ಲ ನೋಡಿ." ಮೇಡಂ ಕನ್ನಡಕ ತೆಗೆದು ಒರೆಸಿದರು. "ಹೋಗಲಿ, ಇದನ್ನ ಹೇಳಿ. ನಿಮ್ಮ ಹೆಂಡತಿನ ಕೇಳಿದ್ರೆ, ನಿಮ್ಮಲ್ಲಿ ಏನು ದೋಷ ಇದೆ ಅಂತಾರೆ?"

ಪಾಠ ಹೇಳಿಕೊಟ್ಟವಳು ಹೆಂಡತಿ. ಎಲ್ಲ ಪ್ರಶ್ನೆ ಕೇಳಿದ್ದಳು, ಇದೊಂದನ್ನು ಕೇಳಿರಲಿಲ್ಲ. ಆದರೆ ಈ ಪ್ರಶ್ನೆಗೆ ಯಜಮಾನರಿಗೆ ಪಾಠವೇ ಬೇಕಿರಲಿಲ್ಲ. ಮದುವೆಯಾದ ಲಾಗಾಯ್ತು ಬೆಳಗ್ಗೆ ಸಂಜೆ ಕಿವಿಯ ಮೇಲೆ ಬಿದ್ದದ್ದು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಂದಕ್ಷರ ತಪ್ಪದೆ ಒಪ್ಪಿಸಬಲ್ಲರು. ಅವರ ಮುಖ ಅರಳಿತು. ಪ್ರಶ್ನೆಯನ್ನು ಹೊಗಳುವುದಕ್ಕೂ ಮರೆತು ಶುರುಮಾಡಿದರು.

"ಒದ್ದೆ ಟವೆಲ್ ಹಾಸಿಗೆ ಮೇಲೆ ಬಿಸಾಕ್ತೀನಿ ಅಂತಾಳೆ. ಎದ್ದ ಮೇಲೆ ದೀಪ ಆರಿಸಲ್ಲ, ಕೂತ ಮೇಲೆ ಏಳಲ್ಲ ಅಂತಾಳೆ. ಡಬ್ಬಿ ಮುಚ್ಚಳ ತಿರುಗಿಸದೆ ಸುಮ್ನೆ ಇಟ್ಟಿರ್ತೀನಿ, ಅವಳು ಮುಚ್ಚಳ ಹಿಡಿದು ಎತ್ತಿದಾಗ ಡಬ್ಬಿ ಕೆಳಗೆ ಬೀಳತ್ತೆ. ಈಗ ಬಂದೆ ಅಂದ್ರೆ ಬರಲ್ಲ. ಅವಳ ಕಡೆಯವರು ಬಂದ್ರೆ ಮುಖ ಗಂಟು ಹಾಕ್ತೀನಿ, ನನ್ನ ಕಡೆಯವರು ಬಂದ್ರೆ ಹಾಡ್ತೀನಿ. ಇದೆಲ್ಲಕ್ಕಿಂತ ದೊಡ್ಡದು ನಿದ್ದೆ. ಕೂತಲ್ಲಿ ನಿದ್ದೆ, ನಿಂತಲ್ಲಿ ನಿದ್ದೆ. ಹೆರಿಗೆ ನೋವು ಬಂದು ಎಬ್ಬಿಸಿದ್ರೆ, ಆಸ್ಪತ್ರೆಗೆ ಕರ್ಕೊಂಡು ಹೋಗಿ ಅವಳ ಮಂಚದಲ್ಲಿ ನಾನು ಮಲಗಿಬಿಟ್ಟಿದ್ದೆನಂತೆ. ಡಾಕ್ಟರು ನನ್ನ ನಾಡಿ ನೋಡಿದ್ರಂತೆ. ಇವತ್ತಿಗೂ ಹೇಳ್ತಾಳೆ."

ಹೇಳಿ ಮುಗಿಸಿದ ಮೇಲೆ ಅವರಿಗೆ ಪ್ರಜ್ಞೆ ಬಂತು. ಕಣ್ಣ ಮುಂದೆ ಕಮೋಡುಗಳು ಸಾಲಾಗಿ ನಿಂತವು.

ಆದರೆ ಮಾಲೀಕರು ಎದ್ದು ನಿಂತಿದ್ದರು. "ಎಲ್ಲಿದ್ರಿ ಸ್ವಾಮಿ ಇಷ್ಟು ದಿನ? ಮಾತಾಡೋರು ಬೇಕಾದಷ್ಟು ಸಿಗ್ತಾರೆ, ಮಲಗೋರು ಎಲ್ಲಿ ಸಿಗ್ತಾರೆ? ಈ ಗಾಜಿನ ಹಿಂದೆ, ನಮ್ಮ ಹಾಸಿಗೆ ಮೇಲೆ, ಹಾಡುಹಗಲು ಒಬ್ಬ ಮನುಷ್ಯ ಗೊರಕೆ ಹೊಡೀತಾ ಇದ್ರೆ ಸಾಕು, ಗಿರಾಕಿ ತಾನಾಗಿ ಒಳಗೆ ಬರ್ತಾನೆ. ನಿಮ್ಮ ಹಳೇ ಸಂಬಳಕ್ಕಿಂತ ಜಾಸ್ತಿ ಕೊಡ್ತೀನಿ. ಮಲಗಿ, ನೋಡೋಣ."

ಮಲಗುವುದಕ್ಕೆ ಸಂಬಳ. ಯಜಮಾನರಿಗೆ ತಾನು ಹುಟ್ಟಿದ್ದು ಯಾಕೆಂದು ಆ ಕ್ಷಣದಲ್ಲಿ ತಿಳಿಯಿತು. ಚಪ್ಪಲಿ ಬಿಟ್ಟು, ಕಾಲು ಚಾಚಿ, ಕಣ್ಣು ಮುಚ್ಚಿದರು.

ನಿದ್ದೆ ಬರಲಿಲ್ಲ. ಎಡಕ್ಕೆ ಹೊರಳಿದರು, ಬಲಕ್ಕೆ ಹೊರಳಿದರು. ಒಳಗೆ ಹೆಂಡತಿಯ ಕಾಫಿ ಕುಣಿಯುತ್ತಿತ್ತು, ಮೇಲಿಂದ ಮೇಡಂ ಅವರ ಕನ್ನಡಕ ಬಗ್ಗಿ ನೋಡುತ್ತಿತ್ತು. ಬಸ್ಸಿನ ಕಂಬಿ ಹಿಡಿದು ನಿದ್ದೆ ಮಾಡಿದ ಧೀರರು, ಹಂಸತೂಲಿಕಾತಲ್ಪದಂಥ ಹಾಸಿಗೆಯ ಮೇಲೆ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಬಿದ್ದಿದ್ದರು. ಗೊರಕೆಯೊಂದನ್ನು ನಟಿಸಿಯೂ ನೋಡಿದರು. ಅದು ಕೆಮ್ಮಾಗಿ ಹೊರಬಂತು.

"ಇವರು ಹೇಳಿದ್ದು ನಿಜವೋ ಸುಳ್ಳೋ, ಮನೆಗೇ ಫೋನ್ ಮಾಡಿ ಕೇಳೋಣ," ಎಂದರು ಮೇಡಂ. ಯಜಮಾನರು ಖುಷಿಯಿಂದ ನಂಬರು ಕೊಟ್ಟರು. ತನ್ನ ನಿದ್ದೆಯ ಬಗ್ಗೆ ಹೆಂಡತಿಗಿಂತ ದೊಡ್ಡ ಸಾಕ್ಷಿ ಲೋಕದಲ್ಲಿ ಯಾರಿದ್ದಾರೆ?

ಮೇಡಂ ಫೋನಿನ ಸ್ಪೀಕರ್ ಹಾಕಿದರು. "ನಿಮ್ಮ ಯಜಮಾನರು ಕೂತಲ್ಲೇ ನಿದ್ದೆ ಮಾಡ್ತಾರಂತೆ, ಹೌದಾ?"

"ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ರಿ ಮೇಡಂ," ಎಂದಿತು ಹೆಂಡತಿಯ ದನಿ, ಜೇನಿನಲ್ಲಿ ಅದ್ದಿ ತೆಗೆದಂತೆ. "ನಿದ್ದೇನಾ? ಅವರು ರೆಪ್ಪೆ ಮುಚ್ಚಿದ್ದು ನಾನು ನೋಡೇ ಇಲ್ಲ. ಕೋಳಿಗಿಂತ ಮುಂಚೆ ಎದ್ದು ನನಗೆ ಕಾಫಿ ಮಾಡಿಕೊಡ್ತಾರೆ."

ಯಜಮಾನರು ಹಾಸಿಗೆಯಿಂದ ಏಳಲು ಹೋದರು. ಹಾಸಿಗೆ ಬಿಡಲಿಲ್ಲ. "ಏ, ನಿಜ ಹೇಳೇ," ಎಂದು ಕೂಗಿದರು. ಮೇಡಂ ಬೆರಳು ತುಟಿಗಿಟ್ಟು ಅವರ ಬಾಯಿ ಮುಚ್ಚಿಸಿದರು.

"ಹೆರಿಗೆ ದಿನ ನಿಮ್ಮ ಮಂಚದಲ್ಲೇ ಮಲಗಿಬಿಟ್ರಂತೆ?"

"ಅಯ್ಯೋ, ಅದಾ? ಮಂಚ ತಣ್ಣಗಿತ್ತು ಮೇಡಂ. ನನಗೆ ಬೆಚ್ಚಗಿರ್ಲಿ ಅಂತ ಮೊದಲು ತಾವು ಮಲಗಿ ಕಾಯಿಸಿಕೊಟ್ರು. ಅಂಥ ಗಂಡ ಯಾರಿಗೆ ಸಿಗ್ತಾರೆ ಹೇಳಿ?"

"ಒದ್ದೆ ಟವೆಲ್ಲು?"

"ಸೆಕೆಗಾಲ ಅಲ್ವಾ, ಹಾಸಿಗೆ ತಂಪಾಗಿರತ್ತೆ. ಎಲ್ಲಾ ಯೋಚನೆ ಮಾಡೇ ಮಾಡೋದು."

ಮೇಡಂ ಫೋನಿಟ್ಟರು. ಮಾಲೀಕರು ಸಪ್ಪೆ ಮುಖ ಹಾಕಿಕೊಂಡು, "ಹಾಗಾದ್ರೆ ನಿಮಗೆ ನಿದ್ದೆ ಬರಲ್ಲ" ಎಂದರು. ಮೇಡಂ ಮಾತ್ರ ಯಜಮಾನರನ್ನು ತಲೆಯಿಂದ ಕಾಲಿನವರೆಗೆ, ಮೀಸೆಯಿಲ್ಲದ ಬೋಳು ಮುಖದಿಂದ ಹೊಟ್ಟೆಯವರೆಗೆ ನಿಧಾನವಾಗಿ ನೋಡಿದರು.

"ಇಂಥ ಮಾಲನ್ನೇ ಇಷ್ಟು ಚೆನ್ನಾಗಿ ಹೊಗಳೋ ಹೆಂಗಸು, ನಮ್ಮ ಹಾಸಿಗೆನ ಕಣ್ಣು ಮುಚ್ಕೊಂಡು ಮಾರ್ತಾಳೆ," ಎಂದು ಮತ್ತೆ ಅದೇ ನಂಬರಿಗೆ ಫೋನ್ ಮಾಡಿದರು.

ಯಜಮಾನರು ಮನೆ ಸೇರುವಾಗ ಬೆಂಕಿಯಾಗಿದ್ದರು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದರು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ನನಗೆ ಕೆಲಸ ಕೊಟ್ರು ಕಣ್ರೀ," ಎಂದಳು. ಅವಳ ಕಣ್ಣು ತುಂಬಿತ್ತು. "ಆದ್ರೆ ಆಣೆಗೂ ಅದಕ್ಕೋಸ್ಕರ ಹೇಳಿದ್ದಲ್ಲ. ಯಾರೋ ನಿಮ್ಮನ್ನ ಸೋಮಾರಿ ಅಂತ ಚುಚ್ಚಿ ಕೇಳ್ತಾ ಇದ್ರೆ ನಾನು ಬಿಟ್ಟುಕೊಡ್ತೀನಾ? ನಾನು ಅಂದ್ರೆ ಬೇರೆ, ಅವರ್ಯಾರು ಅನ್ನೋಕೆ?"

ಜೋಡಿಸಿಕೊಂಡು ಬಂದ ಬೈಗುಳವೆಲ್ಲ ಯಜಮಾನರ ಬಾಯಲ್ಲೇ ಕರಗಿಹೋಯಿತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅವರನ್ನು ಹೊಗಳಿದ್ದು ಅದೇ ಮೊದಲು. ಅದೂ ಸ್ಪೀಕರಿನಲ್ಲಿ, ಇಬ್ಬರು ಸಾಕ್ಷಿಗಳ ಮುಂದೆ. ಸುಳ್ಳೇ ಇರಲಿ, ಕೇಳಲು ಹಿತವಾಗಿತ್ತು.

"ಹಾಗಾದ್ರೆ ಮನೇಲಿ ಒಬ್ಬರು ದುಡಿದ್ರೆ ಸಾಕಲ್ಲ?" ಎಂದರು ಮೆಲ್ಲಗೆ.

"ಸಾಕು ಅಂದೋರು ಯಾರು? ಸೋಮವಾರ ನನ್ನ ತಮ್ಮ ಕಾಯ್ತಿರ್ತಾನೆ."

ಸೋಮವಾರ ಯಜಮಾನರು ಭಾವಮೈದುನನ ಅಂಗಡಿಯಲ್ಲಿ, ಮುಚ್ಚಳ ಹಾಕಿದ ಕಮೋಡೊಂದರ ಮೇಲೆ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಭಾವಮೈದುನ ಎದುರಿನ ಕುರ್ಚಿಯಲ್ಲಿ ಕೂತು, ಶರ್ಟಿನ ಗುಂಡಿಯನ್ನು ತಿರುಗಿಸುತ್ತಿದ್ದ.

"ತಪ್ಪು ತಿಳ್ಕೋಬೇಡಿ ಭಾವ. ಕೆಲಸಕ್ಕೆ ತಗೊಳ್ಳೋ ಮುಂಚೆ ಒಂದು ಪ್ರಶ್ನೆ ಕೇಳ್ಲೇಬೇಕು ಅಂತ ಅಕ್ಕ ಹೇಳಿದಾಳೆ. ನಿಮ್ಮ ದೊಡ್ಡ ದೌರ್ಬಲ್ಯ ಯಾವುದು?"

ಯಜಮಾನರು ಪ್ರಶ್ನೆಯನ್ನು ಹೊಗಳಲಿಲ್ಲ, ನಗಲೂ ಇಲ್ಲ. ಒಂದು ಸಲ ಬಾಗಿಲ ಕಡೆ ನೋಡಿ, "ನಿಮ್ಮಕ್ಕ" ಅಂದರು.

ಭಾವಮೈದುನನೂ ಬಾಗಿಲ ಕಡೆ ನೋಡಿದ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ ಹೇಳಿದ.

"ನಂದೂ ಅದೇ ಭಾವ. ಇಲ್ಲಾಂದ್ರೆ ನಿಮ್ಮನ್ನ ಯಾಕೆ ತಗೋತಿದ್ದೆ?"