ಮಾವನವರ ತಲೆ, ನನ್ನ ಮೈ

ಪುಸ್ತಕ ಓದಿ ಈಜು ಕಲಿಯಲು ಹೊರಟವರನ್ನು ಕಂಡು ಜನ ನಗುತ್ತಾರೆ. ಆದರೆ ಅವರಿಂದ ಲೋಕಕ್ಕೇನೂ ತೊಂದರೆಯಿಲ್ಲ, ಮುಳುಗಿದರೆ ಅವರೊಬ್ಬರೇ ಮುಳುಗುತ್ತಾರೆ. ಪುಸ್ತಕ ಓದಿ ಫೋಟೋ ವಿದ್ಯೆ ಕಲಿತವನು ಹಾಗಲ್ಲ. ಹೆಂಡತಿ, ಅತ್ತೆ, ತೀರಿಹೋದ ಮಾವ, ಎಲ್ಲರನ್ನೂ ಜೊತೆಗೆ ಎಳೆದುಕೊಂಡೇ ಮುಳುಗುತ್ತಾನೆ. ನಾನು ಈ ಎರಡನೆಯ ಗುಂಪಿಗೆ ಸೇರಿದವನೆಂದು ಇಷ್ಟು ವರ್ಷಗಳ ಮೇಲೆ ಒಪ್ಪಿಕೊಳ್ಳುತ್ತಿದ್ದೇನೆ. ಒಪ್ಪಿಕೊಳ್ಳದಿದ್ದರೂ ಸಾಕ್ಷಿ ಮೇಳಿಗೆಯ ಅತ್ತೆಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ತೂಗುತ್ತಿದೆ.

ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಹೊಸನಗರದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಟ್ರೇಸರ್ ಆಗಿದ್ದೆ. ಟ್ರೇಸರ್ ಎಂದರೆ ಎಂಜಿನಿಯರು ಎಳೆದ ಗೆರೆಯ ಮೇಲೆ ತೆಳು ಕಾಗದ ಹಾಸಿ ಅದೇ ಗೆರೆಯನ್ನು ಇನ್ನೊಮ್ಮೆ ಎಳೆಯುವವನು. ಅವರ ಗೆರೆ ಸೊಟ್ಟಗಿದ್ದರೆ ಅಷ್ಟೇ ನಿಷ್ಠೆಯಿಂದ ಸೊಟ್ಟಗೆ ಎಳೆಯಬೇಕು. ಹತ್ತು ವರ್ಷ ಹೀಗೆ ಕಳೆದ ಮನುಷ್ಯನ ಒಳಗೆ ಒಬ್ಬ ಕಲಾವಿದ ಹುಟ್ಟಿಕೊಂಡರೆ ಆಶ್ಚರ್ಯವಿಲ್ಲ. ನನ್ನೊಳಗಿನ ಕಲಾವಿದನಿಗೆ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಒಂದು ತೆಳು ಪುಸ್ತಕ ಸಿಕ್ಕಿತು. ಹೊಸದಾಗಿ ಕಲಿಯುವವರಿಗೆ ಫೋಟೋದಲ್ಲಿ ಚಮತ್ಕಾರ ಮಾಡುವುದನ್ನು ಹೇಳಿಕೊಡುವ ಪುಸ್ತಕ. ರಟ್ಟಿನ ಮೇಲೆ ಒಬ್ಬಳು ಹೆಂಗಸು ಕಮಲದ ಹೂವಿನ ಒಳಗಿಂದ ಎದ್ದು ಬರುತ್ತಿದ್ದಳು. ಕೆಸರಿನ ಕುರುಹೂ ಇರಲಿಲ್ಲ. ವರ್ಗವಾಗಿ ಹೋಗುತ್ತಿದ್ದ ಸಹೋದ್ಯೋಗಿಯೊಬ್ಬರ ಹಳೆಯ ಕ್ಯಾಮೆರಾ ಅದಾಗಲೇ ನನ್ನ ಕೈಗೆ ಬಂದಿತ್ತು. ಇನ್ನೇನು ಬೇಕು.

ಮೊದಲ ಪಾಠ ಡಬಲ್ ರೋಲ್. ಒಂದೇ ಫಿಲಂ ಮೇಲೆ ಎರಡು ಸಲ ತೆಗೆದರೆ ಒಬ್ಬನೇ ಮನುಷ್ಯ ಇಬ್ಬರಾಗುತ್ತಾನೆ. ನಾನೇ ಲೋಟ ಹಿಡಿದು ಕುರ್ಚಿಯಲ್ಲಿ ಕೂತೆ, ಆಮೇಲೆ ನಾನೇ ಪಕ್ಕದಲ್ಲಿ ಬಗ್ಗಿ ನಿಂತು ಕಾಫಿ ಬಗ್ಗಿಸಿದೆ. ಚಿತ್ರ ಚೆನ್ನಾಗಿಯೇ ಬಂತು, ಕಾಫಿ ಮಾತ್ರ ಲೋಟದಿಂದ ಅರ್ಧ ಅಡಿ ಆಚೆ ಬೀಳುತ್ತಿತ್ತು. ನನ್ನ ಹೆಂಡತಿ ಶಾರದ ಅದನ್ನು ಬಹಳ ಹೊತ್ತು ನೋಡಿ, "ಒಬ್ರನ್ನೇ ಸುಧಾರಿಸಿ ಸಾಕಾಗಿದೆ, ಇನ್ನೊಬ್ರನ್ನ ಎಂತಕ್ಕೆ ತಂದ್ರಿ" ಎಂದಳು. ಎರಡನೆಯ ಪಾಠದಲ್ಲಿ ನಾಲ್ಕು ವರ್ಷದ ಮಗಳನ್ನು ನೀರಿನ ಲೋಟದೊಳಗೆ ಕೂರಿಸಿದೆ. ಮಗು ಆ ಫೋಟೋ ನೋಡಿ ಎರಡು ದಿನ ಲೋಟದಲ್ಲಿ ಹಾಲು ಕುಡಿಯಲಿಲ್ಲ. ನನಗೆ ಇವೆಲ್ಲ ಹೊಗಳಿಕೆಯಂತೆಯೇ ಕೇಳಿಸುತ್ತಿದ್ದವು.

ಫೋಟೋ ತೊಳೆಯುವ ಡಾರ್ಕ್ ರೂಮಿಗೆ ಬಚ್ಚಲುಮನೆಯೇ ಗತಿ. ಕಿಟಕಿಗೆ ಕಂಬಳಿ ಕಟ್ಟಿ, ಬಲ್ಬಿಗೆ ಕೆಂಪು ಕಾಗದ ಸುತ್ತಿ, ಒಬ್ಬಟ್ಟಿನ ಹೂರಣ ಕಲಸುವ ಎರಡು ಅಗಲ ತಟ್ಟೆಗಳಲ್ಲಿ ಔಷಧಿ ನೀರು ತುಂಬಿಕೊಂಡು ಕೂರುತ್ತಿದ್ದೆ. ಹಂಡೆಯ ಒಲೆಯಲ್ಲಿ ಒಂದು ಕೆಂಡವಿದ್ದರೂ ಕಾಗದ ಮಂಕಾಗುತ್ತದೆಂದು ಭಾನುವಾರ ಮಧ್ಯಾಹ್ನದ ತನಕ ಒಲೆ ಹೊತ್ತಿಸಲು ಬಿಡುತ್ತಿರಲಿಲ್ಲ. ಮಲೆನಾಡಿನಲ್ಲಿ ಭಾನುವಾರದ ಬಿಸಿನೀರು ತಪ್ಪಿಸುವುದು ಸಣ್ಣ ಅಪರಾಧವಲ್ಲ. ಹೆಂಡತಿ, ಮಗಳು ತಲೆಗೆ ಎಣ್ಣೆ ಹಚ್ಚಿಕೊಂಡು ಬಾಗಿಲ ಹೊರಗೆ ಕಾಯುತ್ತಿದ್ದರು. ನಾನು ಒಳಗಿನಿಂದ, "ಇನ್ನು ಐದೇ ನಿಮಿಷ, ಬಾಗಿಲು ತೆಗೀಬೇಡಿ" ಎನ್ನುತ್ತಿದ್ದೆ. ಕಲೆಗಾಗಿ ಮನೆಯವರು ತ್ಯಾಗ ಮಾಡಬೇಕು ಎಂಬುದನ್ನು ಪುಸ್ತಕದಲ್ಲಿ ಬರೆದಿರಲಿಲ್ಲ, ನಾನೇ ಕಂಡುಕೊಂಡಿದ್ದೆ.

ಮಾವನವರು ತೀರಿಕೊಂಡು ಆಗ ಹನ್ನೊಂದು ತಿಂಗಳಾಗಿತ್ತು. ವರ್ಷದ ಎಡೆ ಹತ್ತಿರ ಬಂತು. ಹಿರಿಯರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಮಾಡಿ, ಅವರ ಫೋಟೋದ ಮುಂದೆ ಎಲೆ ಹಾಕಿ ಬಡಿಸಿ, ಹಾರ ಹಾಕಿ ಕೈಮುಗಿಯುವುದು ಆ ಮನೆಯ ಪದ್ಧತಿ. ಫೋಟೋ ಇಡಬೇಕು ಅಂದಾಗ ಅತ್ತೆ ಒಂದು ಮಾತು ಹೇಳಿದರು. ನನಗೆ ಹೇಳಲಿಲ್ಲ. ಅಳಿಯನ ಜೊತೆ ಅವರು ಅಲ್ಲಿಯವರೆಗೆ ನೇರವಾಗಿ ಮಾತಾಡಿದ್ದೇ ಇರಲಿಲ್ಲ, ಏನಿದ್ದರೂ ಮಗಳ ಮೂಲಕ. "ಅವ್ರೊಬ್ರದ್ದೇ ಬ್ಯಾಡ ಕಣೇ. ಪಕ್ಕ ನಾನೂ ಇರ್ಬೇಕು. ನಲವತ್ತು ವರ್ಷ ಬೇಯಿಸಿ ಹಾಕಿದೀನಿ, ಇಬ್ರೂ ಒಟ್ಟಿಗೆ ಕೂತಿದ್ದು ಒಂದು ಫೋಟೋ ಇಲ್ಲ." ಶಾರದ ಇದನ್ನು ನನಗೆ ಬಂದು ಹೇಳಿದಳು. ತೀರ್ಥಹಳ್ಳಿಯ ಸ್ಟುಡಿಯೋದಲ್ಲಿ ವಿಚಾರಿಸಿದರೆ, ಆಗಲ್ಲ ಎಂದು ಕೈಯಾಡಿಸಿಬಿಟ್ಟರಂತೆ. ಬುದ್ಧಿವಂತರು. ನಾನು ಎದೆ ಮುಂದೆ ಮಾಡಿ, "ನಾನಿದ್ದೀನಲ್ಲ" ಎಂದೆ. ಶಾರದ ನನ್ನ ಮುಖವನ್ನೇ ನೋಡಿ, "ಇದು ಲೋಟದಾಗೆ ಮಗು ಕೂರಿಸಿದಂಗಲ್ಲ. ಅಮ್ಮ ಬಾಯಿ ಬಿಟ್ಟು ಕೇಳಿದ್ದು ಇದೊಂದೇ" ಎಂದಳು.

ಮಾವನವರ ಫೋಟೋ ಎಂದು ಇದ್ದದ್ದು ಒಂದೇ ಒಂದು. ಊರ ಶಾಲೆಯ ಕೋಣೆಗೆ ಪೂಜೆ ಮಾಡಿದ ದಿನ ತೆಗೆದ ಗುಂಪು ಫೋಟೋ. ಮುಂದಿನ ಸಾಲಿನಲ್ಲಿ ಹಾರ ಹಾಕಿಕೊಂಡ ದೊಡ್ಡವರು, ಅವರ ಹಿಂದೆ ಎರಡು ದಪ್ಪ ಭುಜಗಳ ಸಂದಿಯಲ್ಲಿ ಮಾವನವರ ತಲೆ. ತಲೆ ಮಾತ್ರ. ಅದೂ ನೇರ ನೋಡುತ್ತಿಲ್ಲ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅವರೊಬ್ಬರು ಫೋಟೋದ ಎಡಕ್ಕೆ ತಿರುಗಿ, ಕಣ್ಣರಳಿಸಿ, ತುಟಿಯಂಚಿನಲ್ಲಿ ಸಣ್ಣ ನಗೆ ಹಿಡಿದುಕೊಂಡು ಏನನ್ನೋ ನೋಡುತ್ತಿದ್ದಾರೆ. ಏನು ಎಂದು ನನ್ನ ಭಾವಮೈದುನ ನಾಗೇಶನನ್ನು ಕೇಳಿದೆ. "ಆ ಕಡೆ ಊಟಕ್ಕೆ ಎಲೆ ಹಾಕ್ತಿದ್ರಂತೆ ಭಾವ. ಅವತ್ತು ಕಡುಬು ಮಾಡಿದ್ರು" ಎಂದ.

ತಲೆ ಸಿಕ್ಕಿತು, ಮೈಯೆಲ್ಲಿಂದ ತರುವುದು? ಅತ್ತೆ ಕೂರುವ ಅದೇ ಜಗಲಿ, ಅದೇ ಬೆಂಚು, ಅದೇ ಬೆಳಕಿನಲ್ಲಿ ಕೂತ ಒಂದು ಗಂಡಸಿನ ಮೈ ಬೇಕು ಎಂದು ಪುಸ್ತಕ ಹೇಳುತ್ತಿತ್ತು. ಹತ್ತಿರದಲ್ಲಿ ಇದ್ದದ್ದು ನನ್ನದೇ. ಅತ್ತೆಯವರ ಪಕ್ಕದಲ್ಲಿ ನಾನು ಮದುವೆಯ ಕೋಟು ಹಾಕಿಕೊಂಡು ಕೂತುಬಿಟ್ಟರೆ ಒಂದೇ ಫೋಟೋದಲ್ಲಿ ಮುಗಿಯುತ್ತದೆ, ತಲೆ ಬದಲಾಯಿಸಿದರಾಯಿತು ಎಂದೆ. ಅಳಿಯನ ಎದುರು ಚಾಪೆಯ ಮೇಲೂ ಕೂರದ ಅತ್ತೆ ಒಳಗೆ ಹೋಗಿ ಅಡುಗೆಮನೆ ಬಾಗಿಲು ಹಾಕಿಕೊಂಡರು. ಕೊನೆಗೆ ಅವರು ಬೆಂಚಿನ ಒಂದು ತುದಿಗೆ ಒಬ್ಬರೇ ಕೂತರು, ಆಮೇಲೆ ನಾನು ಇನ್ನೊಂದು ತುದಿಗೆ ಒಬ್ಬನೇ ಕೂತೆ. ನನ್ನದನ್ನು ತೆಗೆದವಳು ಶಾರದ. "ತಲೆ ಬೇಕಾ?" ಎಂದು ಕೇಳಿದಳು. "ಬೇಡ, ಕುತ್ತಿಗೆವರೆಗೆ ಬಂದ್ರೆ ಸಾಕು" ಎಂದೆ. ಮದುವೆಯಾದ ಮೇಲೆ ಅವಳು ಅಷ್ಟು ನೆಮ್ಮದಿಯಿಂದ ಮಾಡಿದ ಕೆಲಸ ಇನ್ನೊಂದಿಲ್ಲ.

ಆಮೇಲಿನ ಮೂರು ಭಾನುವಾರ ನಮ್ಮ ಮನೆಯಲ್ಲಿ ಯಾರೂ ಬಿಸಿನೀರು ಕಾಣಲಿಲ್ಲ. ಗುಂಪು ಫೋಟೋದ ಮೇಲೆ ಕ್ಯಾಮೆರಾ ಹಿಡಿದು ಮಾವನವರ ನೆಗೆಟಿವ್ ಮಾಡಿಕೊಂಡೆ. ಮೊದಲ ಸಲ ತಲೆ ಚಿಕ್ಕದಾಗಿ, ಕೋಟಿನ ಮೇಲೆ ನಿಂಬೆಹಣ್ಣು ಇಟ್ಟಂತೆ ಕಾಣಿಸಿತು. ಎರಡನೆಯ ಸಲ ಅತ್ತೆಯವರಿಗಿಂತ ಎರಡು ಪಟ್ಟು ದೊಡ್ಡದಾಯಿತು. ಮೂರನೆಯ ಸಲ ಅಳತೆ ಕೂಡಿ ಬಂತು. ಬ್ಲೇಡಿನಿಂದ ಅಂಚು ಬಿಡಿಸಿ, ಹಿಂಬದಿಯನ್ನು ಮರಳು ಕಾಗದದಿಂದ ತೆಳ್ಳಗೆ ಉಜ್ಜಿ, ಕೋಟಿನ ಕಾಲರಿನೊಳಗೆ ಕುತ್ತಿಗೆ ಕೂರಿಸಿ ನೋಡುತ್ತೇನೆ, ಇನ್ನೊಂದು ಫಜೀತಿ. ಹೆಂಡತಿ ಗಂಡನ ಎಡಕ್ಕೆ ಕೂರಬೇಕಷ್ಟೆ. ಹಾಗೆಯೇ ಕೂರಿಸಿದ್ದೆ, ಫೋಟೋ ನೋಡುವವರಿಗೆ ಅದು ಬಲಗಡೆ. ಆದರೆ ಮಾವನವರು ಊಟದ ಎಲೆ ನೋಡುತ್ತಿದ್ದದ್ದು ಅದರ ಎದುರು ದಿಕ್ಕಿಗೆ. ಅತ್ತೆಯವರಿಗೆ ಬೆನ್ನು ಕೊಟ್ಟು, ಯಾವಳನ್ನೋ ಕಂಡು ನಗುತ್ತಿರುವ ಹಾಗೆ ಕಾಣಿಸುತ್ತಿದ್ದರು. ಪುಸ್ತಕದ ಕೊನೆಯ ಪಾಠದಲ್ಲಿ ಇದಕ್ಕೂ ಉಪಾಯವಿತ್ತು. ನೆಗೆಟಿವ್ ಮಗುಚಿ ಹಾಕಿದರೆ ಎಡಕ್ಕೆ ನೋಡುವವನು ಬಲಕ್ಕೆ ನೋಡುತ್ತಾನೆ. ಮಗುಚಿದೆ. ಮಾವನವರು ಒಳ್ಳೆಯವರಾಗಿ ತಿರುಗಿ ಅತ್ತೆಯವರನ್ನು ನೋಡಿ ನಕ್ಕರು. ಅತ್ತೆ, ಕೋಟು, ತಲೆ ಮೂರನ್ನೂ ಅಂಟಿಸಿ, ಕಚೇರಿಯ ಶಾಯಿಯಿಂದ ಸಂದು ಮುಚ್ಚಿ, ಮತ್ತೆ ಫೋಟೋ ತೆಗೆದು ದೊಡ್ಡದು ಮಾಡಿ ಕಟ್ಟು ಹಾಕಿಸಿದೆ. ಹನ್ನೆರಡು ವರ್ಷ ಸ್ಟುಡಿಯೋ ಇಟ್ಟವರಿಗೆ ಆಗದ್ದು ಬಚ್ಚಲುಮನೆಯಲ್ಲಿ ಆಯಿತಲ್ಲ ಎಂದು ಆ ದಿನ ನನಗೆ ನೆಲ ಕಾಣಿಸುತ್ತಿರಲಿಲ್ಲ.

ಎಡೆಯ ದಿನ ಫೋಟೋವನ್ನು ಬಟ್ಟೆ ಮುಚ್ಚಿಕೊಂಡೇ ಮೇಳಿಗೆಗೆ ಒಯ್ದು, ಮಣೆಯ ಮೇಲಿಟ್ಟು, ಎಲ್ಲರೂ ಸೇರಿದ ಮೇಲೆ ಬಟ್ಟೆ ತೆಗೆದೆ. ಎಲ್ಲರ ಕತ್ತೂ ಒಟ್ಟಿಗೆ ಮುಂದೆ ಬಂತು. ಇದು ಮೆಚ್ಚುಗೆ ಎಂದು ನಾನು ತಿಳಿದೆ. ಪಕ್ಕದ ಮನೆಯ ಚಿಕ್ಕಮ್ಮ ಹತ್ತಿರ ಬಗ್ಗಿ, "ಎಲ್ಲಾ ಸರಿ. ಮಚ್ಚೆ ಎಂತಕ್ಕೆ ಈಚೆಗೆ ಬಂತು?" ಎಂದರು. ಮಾವನವರ ಎಡಗೆನ್ನೆಯ ಮೇಲೆ ಕಡಲೆಕಾಳಿನಷ್ಟು ದೊಡ್ಡ ಮಚ್ಚೆಯಿತ್ತು. ಅದೀಗ ಬಲಗೆನ್ನೆಯಲ್ಲಿ ಕೂತಿತ್ತು. ನೆಗೆಟಿವ್ ಮಗುಚಿದರೆ ಮಚ್ಚೆಯೂ ಮಗುಚಿಕೊಳ್ಳುತ್ತದೆಂದು ಆ ಪುಸ್ತಕ ಬರೆದ ಮಹಾನುಭಾವ ಯಾಕೆ ಹೇಳಲಿಲ್ಲವೋ. ಬೆಳಕಿನ ದೋಷ ಎಂದು ನಾನು ವಿವರಿಸುತ್ತಿರುವಾಗಲೇ ನಾಗೇಶ ಇನ್ನಷ್ಟು ಹತ್ತಿರ ಬಂದ. ತೊಡೆಯ ಮೇಲಿಟ್ಟ ಕೈಯನ್ನು ತೋರಿಸಿ, "ಭಾವ, ಈ ಉಂಗುರ ನಿಮಗೆ ಅಪ್ಪಯ್ಯ ಮದುವೆಯಾಗೆ ಕೊಟ್ಟಿದ್ದಲ್ವಾ? ವಾಪಸ್ ತಗೊಂಡ್ರಾ?" ಎಂದ.

ಅಲ್ಲಿಗೆ ಎಲ್ಲರ ಕಣ್ಣು ಫೋಟೋದಿಂದ ನನ್ನ ಕೈಗೆ, ನನ್ನ ಕೈಯಿಂದ ಫೋಟೋಕ್ಕೆ ಓಡಾಡತೊಡಗಿತು. ಚೌಕ ಮುಖದ ಉಂಗುರ ಎರಡೂ ಕಡೆ ಹೊಳೆಯುತ್ತಿತ್ತು. ಚಿಕ್ಕಮ್ಮನವರಿಗೆ ಅರ್ಥವಾದ ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಯ್ಯೋ, ಬದುಕಿರೋ ಅಳಿಯನ ಮೈಗೆ ಸತ್ತವ್ರ ಹಾರ ಹಾಕೋದಾ? ಶಾರದಾ, ಎಂಥ ಅನಿಷ್ಟನೇ ಇದು, ತೆಗೆಸಿಬಿಡೇ." ನಿಜ ಹೇಳಬೇಕೆಂದರೆ, ನಾನೂ ಅಷ್ಟು ಹೊತ್ತಿಗೆ ಉಂಗುರದ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡಿದ್ದೆ. ಎದುರಿಗೆ ಎಲೆ ಹಾಕಿ ಕಡುಬು, ಕೋಳಿ ಸಾರು ಎಲ್ಲ ಬಡಿಸಿದ್ದರು. ಅತ್ತೆಮನೆಯಲ್ಲಿ ನನ್ನ ಹೊಟ್ಟೆಗೆ ಎಲ್ಲರಿಗಿಂತ ಮೊದಲು ಬಡಿಸಿದ್ದು ಅದೇ ಮೊದಲು, ಅದೂ ಈ ಲೆಕ್ಕದಲ್ಲಿ. ಶಾರದ ತಲೆ ತಗ್ಗಿಸಿ ನಿಂತಿದ್ದಳು. ಅವಳ ಅಮ್ಮ ಬಾಯಿ ಬಿಟ್ಟು ಕೇಳಿದ ಒಂದೇ ಒಂದನ್ನು ನಾನು ಹಾಳು ಮಾಡಿದ್ದೆ. ಫೋಟೋ ತೆಗೆದು ಮತ್ತೆ ಬಟ್ಟೆ ಸುತ್ತಲು ಕೈ ಚಾಚಿದೆ.

"ಇರ್ಲಿ ಬಿಡಿ" ಎಂದರು ಅತ್ತೆ.

ನನಗೇ ಹೇಳಿದರು. ಮಗಳಿಗಲ್ಲ. ಫೋಟೋದ ಮುಂದೆ ಕೂತು, ಸೆರಗಿನ ತುದಿಯಿಂದ ಅದರ ಗಾಜು ಒರೆಸಿದರು. "ನಲವತ್ತು ವರ್ಷ ಒಂದೇ ಮನೇಲಿದ್ವಿ. ಅವ್ರು ನನ್ ಕಡೆ ಹಿಂಗೆ ತಿರುಗಿ ನೋಡಿದ್ದು ನಾನು ಕಾಣೆ. ಮಚ್ಚೆ ಆ ಕಡೆಗಾದ್ರೂ ಇರ್ಲಿ, ಈ ಕಡೆಗಾದ್ರೂ ಇರ್ಲಿ." ನಾಗೇಶ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆ ನೋಟ ಕಡುಬಿನ ಮೇಲಿನದು ಎಂದು ಬಲ್ಲವರು ನಾವಿಬ್ಬರೇ. ನಾಗೇಶ ಒಳ್ಳೆಯ ಹುಡುಗ, ಇವತ್ತಿಗೂ ಬಾಯಿ ಬಿಟ್ಟಿಲ್ಲ. ನನಗೆ ಆಗ ಅಳು ಬಂದದ್ದು ನಿಜ, ಹೊಗೆ ಎಂದು ಹೇಳಿಕೊಂಡು ಕಣ್ಣೊರೆಸಿಕೊಂಡೆ. ಚಿಕ್ಕಮ್ಮನ ಅನಿಷ್ಟಕ್ಕೂ ಅತ್ತೆಯೇ ದಾರಿ ಕಂಡುಕೊಂಡರು. ಹಾರವನ್ನು ಬಿಚ್ಚಿ ಅರ್ಧಕ್ಕೆ ಮೊಟಕು ಮಾಡಿ, ಮಾವನವರ ಮುಖದ ಸುತ್ತ ಮಾತ್ರ ಬರುವಂತೆ ಕಟ್ಟಿದರು. ಕಾಲರಿನಿಂದ ಕೆಳಗೆ ಒಂದು ಎಸಳೂ ಇಳಿಯಲಿಲ್ಲ. ಈಗಲೂ ಆ ಮನೆಯಲ್ಲಿ ವರ್ಷಕ್ಕೊಮ್ಮೆ ಹಾರ ಕಟ್ಟುವಾಗ, "ಅಳಿಯಂದಿರಿಗೆ ತಾಗದ ಹಂಗೆ ಕಟ್ಟಿ" ಎಂದು ಎಚ್ಚರಿಸುತ್ತಾರೆ.

ಹೊಸನಗರಕ್ಕೆ ಹಿಂತಿರುಗುವ ಬಸ್ಸಿನಲ್ಲಿ ಶಾರದ ಕಿಟಕಿಯ ಪಕ್ಕ ಕೂತಿದ್ದಳು. ನಗರ ಎಂಬ ಊರು ದಾಟಿದ ಮೇಲೆ, "ನಾವಿಬ್ರೂ ಒಟ್ಟಿಗಿರೋದು ಎಷ್ಟಿದೆ?" ಎಂದು ಕೇಳಿದಳು. ನಮ್ಮಲ್ಲಿ ಮೂರು ಆಲ್ಬಮ್ಮುಗಳಿದ್ದವು. ನಾನು ಇಬ್ಬರಾಗಿ ಇದ್ದೆ, ಒಂದರಲ್ಲಿ ಮೂವರಾಗಿಯೂ ಇದ್ದೆ. ಅವಳ ಜೊತೆ ಇದ್ದದ್ದು ಮದುವೆಯ ಫೋಟೋ ಒಂದೇ. ಅದರಲ್ಲಿ ಅವಳು ನೆಲ ನೋಡುತ್ತಿದ್ದಾಳೆ, ನಾನು ಫೋಟೋದವನ ಫ್ಲಾಶ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನೋಡುತ್ತಿದ್ದೇನೆ.

ಮರುದಿನವೇ ಅಂಗಳದಲ್ಲಿ ಎರಡು ಕುರ್ಚಿ ಹಾಕಿಸಿದೆ. ಕ್ಯಾಮೆರಾದಲ್ಲಿ ತಾನೇ ಕ್ಲಿಕ್ಕಾಗುವ ಸೌಕರ್ಯವಿತ್ತು. ಕೀಲಿ ತಿರುಗಿಸಿ ಓಡಿ ಬಂದು ಅವಳ ಬಲಕ್ಕೆ ಕೂತೆ. ಕೂತ ಮೇಲೆ, ಬೆಳಕಿಗೆ ತಕ್ಕಂತೆ ಗುಂಡಿ ತಿರುಗಿಸಿದ್ದೆನೋ ಇಲ್ಲವೋ ಎಂಬ ಅನುಮಾನ ಬಂತು. ತೊಳೆದು ನೋಡಿದರೆ, ಶಾರದ ಹೊಸ ಸೀರೆ ಉಟ್ಟು ನನ್ನ ಕಡೆ ತಿರುಗಿ ನಗುತ್ತಿದ್ದಾಳೆ, ನಾನು ಕುರ್ಚಿಯಿಂದ ಅರ್ಧ ಎದ್ದು ಅವಳನ್ನು ಬಿಟ್ಟು ಕ್ಯಾಮೆರಾದ ಕಡೆ ಮುಖ ಮಾಡಿದ್ದೇನೆ. ಅವಳು ಸಿಟ್ಟಾಗುತ್ತಾಳೆಂದು ಕಾದೆ. "ಇರ್ಲಿ ಬಿಡಿ" ಎಂದಳು, ಥೇಟು ಅವರಮ್ಮನ ಧಾಟಿಯಲ್ಲಿ. "ಮಗಳಿಗೆ ಫೋಟೋ ಕಲಿತ ಗಂಡು ಸಿಕ್ಕಿದ್ರೆ, ನೀವು ಹೋದ ಮೇಲೆ ನಿಮ್ಮನ್ನ ನನ್ ಕಡೆ ತಿರುಗಿಸಿ ಕೊಡ್ತಾನೆ."

ಇನ್ನೂ ನೋಡದ ಆ ಅಳಿಯನಿಗೆ ತೊಂದರೆಯಾಗಬಾರದೆಂದು ನಾನು ನನ್ನ ತಲೆಯ ಒಂದು ಒಳ್ಳೆಯ ನೆಗೆಟಿವ್ ಆರಿಸಿ, ಲಕೋಟೆಯಲ್ಲಿ ಹಾಕಿ, ಮೇಲೆ 'ಮಗುಚಿ ಹಾಕುವುದು' ಎಂದು ಬರೆದು ಬೀರುವಿನಲ್ಲಿ ಇಟ್ಟಿದ್ದೇನೆ. ನನಗೆ ಮಚ್ಚೆ ಇಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಅಷ್ಟೆಲ್ಲ ಯಾಕೆ, ಶಾರದ ಪಕ್ಕದಲ್ಲೇ ಕೂತಿದ್ದಾಳಲ್ಲ, ಈಗಲೇ ಕುತ್ತಿಗೆ ತಿರುಗಿಸಿ ನೋಡಿದರಾಯಿತು ಎಂದು ನೀವು ಹೇಳಬಹುದು. ಪುಸ್ತಕ ತೆಗೆದು ಹುಡುಕಿದೆ. ಆ ಪಾಠ ಅದರಲ್ಲಿ ಇಲ್ಲ.