ಶೀಳನೆರೆ ಎತ್ತಿಗೆ ಸದ್ದಿಲ್ಲದ ಮದ್ದು

ದನದ ಡಾಕ್ಟರು ನಗು ಹುಡುಕಿಕೊಂಡು ಎಲ್ಲೂ ಹೋಗಬೇಕಿಲ್ಲ. ಕೊಟ್ಟಿಗೆಗೆ ಕಾಲಿಟ್ಟರೆ ಸಾಕು, ಅದೇ ಬಂದು ಹಾಯುತ್ತದೆ.

ತೊಂಬತ್ತರ ದಶಕದಲ್ಲಿ ನಾನು ಕೆ.ಆರ್. ಪೇಟೆ ಕಡೆ ಕೆಲಸದಲ್ಲಿದ್ದೆ. ಶೀಳನೆರೆಯ ಯಜಮಾನರೊಬ್ಬರ ಎತ್ತಿಗೆ ಉಳುವಾಗ ನೇಗಿಲ ಗುಳ ತಗುಲಿ ಹಿಂಗಾಲಿನ ಸ್ನಾಯುರಜ್ಜು ಕತ್ತರಿಸಿಹೋಯಿತು. ಊರವರು ಅದನ್ನು ನರ ಅನ್ನುತ್ತಾರೆ. ಆಪರೇಷನ್ ಮಾಡಿ ಹೊಲಿದೆ. ಪಟ್ಟಿ ಬಿಚ್ಚಿದ ಮೇಲೆ, ಹೊಲಿದದ್ದು ಗಟ್ಟಿಯಾಗಲಿ ಎಂದು ಗೆಳೆಯನಿಂದ ಅಲ್ಟ್ರಾಸೌಂಡ್ ಮಿಷನ್ನು ಎರವಲು ತಂದೆ; ಸ್ಕ್ಯಾನ್ ಮಾಡುವುದಲ್ಲ, ಶಬ್ದದ ಅಲೆಯಿಂದ ಚಿಕಿತ್ಸೆ ಕೊಡುವಂಥದ್ದು. ಎತ್ತು ಮತ್ತೆ ನೊಗ ಹೊರುತ್ತದೋ ಇಲ್ಲವೋ ಎಂಬ ಚಿಂತೆಗೆ ಯಜಮಾನರಿಗೆ ಊಟ ಸೇರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಧೈರ್ಯವಿರಲಿಲ್ಲ.

೧. ಯಾರಿಗೂ ಕೇಳದ್ದು

ಕರೆಂಟು ಇದ್ದ ಹೊತ್ತು ನೋಡಿ, ಎತ್ತಿನ ಕಾಲಿಗೆ ಜೆಲ್ ಸವರಿ, ಮಿಷನ್ನಿನ ಹಿಡಿಯನ್ನು ದುಂಡಗೆ ಆಡಿಸತೊಡಗಿದೆ. ಯಜಮಾನರು, ಅವರ ಹೆಂಡತಿ ಇಬ್ಬರೂ ಕಣ್ಣು ಮಿಟುಕಿಸದೆ ನಿಂತಿದ್ದರು.

"ಸುರು ಮಾಡಿ ಸಾ," ಅಂದರು ಯಜಮಾನರು.

"ಮಾಡಿ ಐದು ನಿಮಿಷ ಆಯ್ತಲ್ಲ."

"ಸದ್ದೇ ಇಲ್ವಲ್ಲಾ?"

"ಶಬ್ದವೇ ಇದರ ಔಷಧಿ. ಆದರೆ ನಮ್ಮ ಕಿವಿಗೆ ಕೇಳಲ್ಲ."

"ಎತ್ತಿಗೆ ಕೇಳ್ತದಾ?"

"ಅದಕ್ಕೂ ಇಲ್ಲ."

ಯಜಮಾನರು ಹೆಂಡತಿಯ ಕಡೆ ಓರೆಗಣ್ಣಲ್ಲಿ ನೋಡಿ ಅಂದರು: "ಅಂಗಾರೆ ನಮ್ಮನೇಲಿ ನನ್ನ ಮಾತಿದ್ದಂಗೆ ಬುಡಿ."

೨. ಜೋಡಿಗೂ ಒಂದೀಟು

ಮೂರನೆಯ ದಿನ ಹೊರಡುವಾಗ ಯಜಮಾನರು ತಡೆದರು. "ಜೋಡಿ ಎತ್ತಿಗೂ ಒಂದೀಟು ಉಜ್ಜಿ ಸಾ. ಇದೊಂದಕ್ಕೇ ಮಾಡಿದ್ರೆ ಅದು ಮೂತಿ ತಿರುಗಿಸ್ಕತದೆ. ಹಿಂಡಿ ಹಾಕಿದ್ರೂ ಎಲ್ಡಕ್ಕೂ ಸಮ ಹಾಕೋರು ನಾವು."

ಚೆನ್ನಾಗಿರುವ ಕಾಲಿಗೆ ಚಿಕಿತ್ಸೆ ಕೊಡಲುಂಟೇ? ಸ್ವಿಚ್ಚು ಆರಿಸಿ, ಸುಮ್ಮನೆ ಹಿಡಿಯಿಂದ ಸವರಿದೆ. ಅದು ಕಣ್ಣು ಮುಚ್ಚಿ, ಕತ್ತು ಚಾಚಿ, ಸುಖವಾಗಿ ಮೆಲುಕು ಹಾಕಿತು. ಗಾಯದ ಎತ್ತು ಮೂರು ದಿನವೂ ಕಾಲು ಝಾಡಿಸಿತ್ತು.

ಯಜಮಾನರು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು: "ಇದಕ್ಕೆ ಮದ್ದು ಚೆನ್ನಾಗಿ ಹತ್ಕಂಡದೆ ಸಾ. ನಾಳಿಂದ ಆ ಗಾಯದೆತ್ತಿಗೂ ಇಂಗೇ ಹಾಕಿ."

೩. ಹೆಜ್ಜೆಗೆ ಹೆಜ್ಜೆ

ಮಿಷನ್ನಿನ ಕೆಲಸ ಮುಗಿದ ದಿನವೂ ಎತ್ತು ಕುಂಟುತ್ತಲೇ ಇತ್ತು. ಯಜಮಾನರಿಗೆ ಹೇಳಿದೆ: "ದಿನಾ ಬೆಳಿಗ್ಗೆ ಸಂಜೆ ಹಗ್ಗ ಹಿಡಿದು ನಡೆಸಿ. ಎಳೀಬೇಡಿ. ಅದು ಹೇಗೆ ನಡೆಯುತ್ತೋ ನೀವೂ ಹಾಗೇ ನಡೀರಿ."

ಒಂದೂವರೆ ತಿಂಗಳ ನಂತರ ಹೋದೆ. ಯಜಮಾನರು ಎತ್ತನ್ನು ಬೀದಿಗೆ ತಂದರು. ಅದು ನಾಲ್ಕೂ ಕಾಲು ಸಮನಾಗಿ ಊರಿ, ನೆಟ್ಟಗೆ ನಡೆದು ಬಂತು. ನನಗೆ ಕಣ್ಣು ತುಂಬುವಷ್ಟು ಸಂತೋಷವಾಯಿತು.

"ನಾಳೆಯಿಂದ ನಿಧಾನಕ್ಕೆ ನೊಗಕ್ಕೆ ಕಟ್ಟಬಹುದು," ಎಂದೆ.

ಆಮೇಲೆ ನೋಡುತ್ತೇನೆ, ಯಜಮಾನರೇ ಕುಂಟುತ್ತಿದ್ದಾರೆ. "ಏನಾಯ್ತು ಯಜಮಾನ್ರೇ, ಬಿದ್ರಾ?"

"ಇಲ್ಲ ಸಾ. ನೀವು ಏಳ್ದಂಗೆ ಅದರಂಗೇ ನಡ್ದು ನಡ್ದು ಕಾಲಿಗೆ ರೂಢಿ ಆಗೋಗದೆ. ಅದು ಬುಟ್ಬುಡ್ತು, ನನಗೆ ಬುಡಕಾಯ್ತಿಲ್ಲ."

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಕೇಳಿದರು: "ಎತ್ತ ನಾಳಿಂದ ಕಟ್ಬೋದು ಅಂದ್ರಿ, ಸರಿ. ಇವರ್ನ ಯಾವಾಗಿಂದ ಕಟ್ಬೋದು ಸಾ?"