ಮಡಿಯಲ್ಲಿದ್ದ ಕುದುರೆ

ರಿಟೈರಾದವರೆಲ್ಲ ವಾಕಿಂಗ್ ಹೋಗುತ್ತಾರೆ. ನಮ್ಮ ಸೋದರಮಾವ ಮಾತ್ರ ವಾಕಿಂಗ್ ಮಾಡಿಸುತ್ತಾರೆ, ಕುದುರೆಗೆ! ನಂಬಿಕೆಯಿಲ್ಲದಿದ್ದರೆ ಬೆಳಗ್ಗೆ ಒಮ್ಮೆ ಚಾಮರಾಜಪೇಟೆಗೆ ಬಂದು ನೋಡಿ. ಪಂಚೆ, ಸ್ವೆಟರ್, ಮಂಕಿಟೋಪಿಯ ಒಬ್ಬ ಮನುಷ್ಯ, ಅವರ ಹಿಂದೆ ಅವರಿಗಿಂತ ಗಂಭೀರವಾಗಿ ನಡೆದುಬರುವ ಒಂದು ಕಂದು ಕುದುರೆ. ಹೆಸರು ಚಂದ್ರಿ. ಮಾವ ನಿವೃತ್ತರಾದ ಮೇಲೆ ಕಾರು ಕೊಳ್ಳುತ್ತಾರೆಂದು ನಮ್ಮ ಅತ್ತೆ ಆಸೆಯಿಂದ ಕಾದಿದ್ದರು. ಮಾವನೋ, ಯಾವುದೋ ಸವಾರಿ ಶಾಲೆಯವರು ಬೇಡವೆಂದು ಬಿಟ್ಟ ಈ ಚಂದ್ರಿಯನ್ನು ತಂದು ಹಿತ್ತಲಿನ ಹಳೆಯ ಕೊಟ್ಟಿಗೆಯಲ್ಲಿ ಕಟ್ಟಿದರು. "ಕಾರಾದ್ರೆ ಪೆಟ್ರೋಲ್ ಹಾಕ್ಬೇಕು ಕಣೇ. ಇವಳಿಗೆ ಹುಲ್ಲು ಸಾಕು" ಎಂದು ನನಗೆ ವಿವರಿಸಿದರು. ಹುಲ್ಲು ಸಾಕೇ? ಹಾಗಾದರೆ ಅತ್ತೆ ಹಲ್ವಾಕ್ಕೆಂದು ತಂದಿಟ್ಟ ಕ್ಯಾರೆಟ್ಟೆಲ್ಲ ಎಲ್ಲಿಗೆ ಹೋಯಿತು?

ಅಂದಿನಿಂದ ಅತ್ತೆಯ ಬಾಯಲ್ಲಿ ಚಂದ್ರಿಗೆ "ಹಿತ್ತಲ ಸವತಿ" ಎಂದೇ ಹೆಸರು. ಮುಟ್ಟುವ ಮಾತಂತೂ ದೂರ! ಅತ್ತೆ ಮಹಾ ಮಡಿಯವರು. ಸ್ನಾನ ಮಾಡಿ ಮಡಿಸೀರೆ ಉಟ್ಟರೆಂದರೆ ಪೂಜೆ, ಅಡುಗೆ ಮುಗಿಯುವವರೆಗೆ ಯಾರೂ ಅವರನ್ನು ಸೋಕುವಂತಿಲ್ಲ. ಮಾವ ಇದೆಲ್ಲದರ ಕಟ್ಟಾ ವಿರೋಧಿ. ಒಣಗಲು ಹಾಕಿದ ಮಡಿಸೀರೆಯನ್ನು ಬೇಕೆಂದೇ ಕಿರುಬೆರಳಲ್ಲಿ ಮುಟ್ಟಿ, ಬೈಗುಳ ಶುರುವಾಗುವ ಮೊದಲೇ ಗಾಂಧಿಬಜಾರಿಗೆ ಹೋಗಿ ಮಸಾಲೆದೋಸೆ ತಿಂದು ಬರುವ ಆಸಾಮಿ. ಒಮ್ಮೆ ಚಂದ್ರಿಯನ್ನೂ ಕರೆದುಕೊಂಡು ಹೋಗಿದ್ದರು. "ಇಲ್ಲಿ ನಿಲ್ಲಿಸ್ಬೇಡಿ ಸರ್, ನೋ ಪಾರ್ಕಿಂಗ್" ಎಂದ ಪೊಲೀಸಿನವನಿಗೆ "ಅದನ್ನ ಅವಳಿಗೇ ಹೇಳಿ ಸ್ವಾಮಿ" ಎಂದು ಹೇಳಿ ದೋಸೆ ತಿನ್ನಲು ಒಳಗೆ ಹೋದರಂತೆ!

ಊರಾಚೆಯ ಮೈದಾನದಲ್ಲಿ ವರ್ಷಕ್ಕೊಮ್ಮೆ ಕುದುರೆಗಳ ಪ್ರದರ್ಶನ ನಡೆಯುತ್ತದೆ. ಕಳೆದ ವರ್ಷ ಚಂದ್ರಿಗೆ ಮೂರನೇ ಬಹುಮಾನ ಬಂದಾಗ ಮಾವ ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಆ ವಿಭಾಗದಲ್ಲಿ ಇದ್ದದ್ದೇ ಮೂರು ಕುದುರೆ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಈ ವರ್ಷ ಮೊದಲನೆಯದೇ ಬರಬೇಕೆಂದು ಪಣ ತೊಟ್ಟಿದ್ದರು. ಅದಕ್ಕೆ ಕಾರಣವೂ ಇತ್ತು. ಚಂದ್ರಿಯ ಮುಂಗಾಲಿನ ಮಂಡಿ ಸವೆದಿತ್ತು. ಪಶುವೈದ್ಯೆ ನೋಡಿ, "ಇದೇ ಕೊನೇ ಪ್ರದರ್ಶನ ಸರ್. ಮುಂದಿನ ವರ್ಷ ಇವಳನ್ನ ಎಲ್ಲಿಗೂ ಕರ್ಕೊಂಡು ಹೋಗೋ ಹಾಗಿಲ್ಲ" ಎಂದಿದ್ದರು.

ಅಷ್ಟರಲ್ಲಿ ಊರಿನ ಕೆಲವು ಲಾಯಗಳಲ್ಲಿ ಕುದುರೆಗಳಿಗೆ ಕೆಮ್ಮು, ಜ್ವರ ಶುರುವಾಯಿತು. ಅಂಟುರೋಗ! ಪ್ರದರ್ಶನದವರಿಗೆ ಫೋನು ಮಾಡಿದರೆ "ನಡೆಸ್ತೀವಿ ಸರ್. ಬರೋದು ಬಿಡೋದು ನಿಮಗೆ ಬಿಟ್ಟಿದ್ದು" ಎಂದುಬಿಟ್ಟರು. ವೈದ್ಯೆಯನ್ನು ಕೇಳಿದರೆ, "ಇವಳು ಚೆನ್ನಾಗಿದಾಳೆ. ಆದ್ರೆ ಅಲ್ಲಿಗೆ ಬರೋ ಕುದುರೆಗಳ ವಿಷಯ ನಾನು ಹೇಗೆ ಹೇಳ್ಲಿ? ನೋಡೋಕೆ ಚೆನ್ನಾಗಿರೋ ಕುದುರೆಯಿಂದಲೂ ಅಂಟಬಹುದು" ಎಂದರು.

ಮಾವ ನಿರ್ಧಾರವನ್ನು ಮುಂದಕ್ಕೆ ಹಾಕಿ, ಮೊದಲು ಚಂದ್ರಿಯನ್ನು ಕಾಪಾಡಲು ನಿಂತರು. ಮರುದಿನ ನಾನು ಹನುಮಂತನಗರದ ನಮ್ಮ ಮನೆಯಿಂದ ಹೋಗಿ ಹಿತ್ತಲಿಗೆ ಕಾಲಿಟ್ಟರೆ, ಒದ್ದೆ ಪಂಚೆಯಲ್ಲಿ ನಡುಗುತ್ತಾ ನಿಂತ ಮಾವ ಕೂಗಿದರು:

"ಅಲ್ಲೇ ನಿಂತ್ಕೊ! ಮುಟ್ಬೇಡ! ನಾನು ಮಡೀಲಿದೀನಿ!"

ಅಡುಗೆಮನೆಯಲ್ಲಿ ಅತ್ತೆ ನಕ್ಕಿದ್ದು ನೋಡಬೇಕಿತ್ತು! ಹೊಟ್ಟೆ ಹಿಡಿದುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಗುರುಸ್ಥಾನವನ್ನೂ ವಹಿಸಿಕೊಂಡರು. ಚಂದ್ರಿಗೆ ಬೇರೆ ಬಕೆಟ್ಟು, ಬೇರೆ ಟವೆಲ್ಲು. ಹೊರಗೆ ಹೋಗಿ ಬಂದವರು ಸ್ನಾನ ಮಾಡದೆ ಕೊಟ್ಟಿಗೆ ಹೊಗುವಂತಿಲ್ಲ. ಟವೆಲ್ಲನ್ನು ಕೈಯಿಂದ ಮುಟ್ಟದೆ ಕೋಲಿನಿಂದ ಹಗ್ಗಕ್ಕೆ ಹರವುವುದನ್ನೂ ಕಲಿಸಿದರು. ಮಾವ ಮೊದಲ ಸಲ ಹರವಿದ ಟವೆಲ್ಲು ಪಕ್ಕದ ಮನೆಯ ಕಾಂಪೌಂಡಿಗೆ ಬಿತ್ತು. "ತಿರುಗಾ ಒಗೀರಿ" ಎಂದರು ಅತ್ತೆ. ಎಷ್ಟು ವರ್ಷದ ಸೇಡೋ!

ಇನ್ನು ಪ್ರದರ್ಶನಕ್ಕೆ ಹೋಗುವುದಾದರೆ ಹೇಗೆ? ಮಾವ ಲಾರಿಯವನಿಗೆ ಫೋನು ಮಾಡಿದರು.

"ಲಾರಿ ತೊಳೆದಿದೀಯೇನಪ್ಪಾ?"

"ತೊಳೆದು, ಪೂಜೆ ಮಾಡಿ, ನಿಂಬೆಹಣ್ಣು ಕಟ್ಟಿದೀನಿ ಸರ್. ಏನೂ ಯೋಚ್ನೆ ಮಾಡ್ಬೇಡಿ. ನಿನ್ನೆಯೂ ಒಂದು ಕುದುರೆ ತಂದೆ. ಪಾಪ, ದಾರಿಯುದ್ದಕ್ಕೂ ಕೆಮ್ತಾ ಇತ್ತು!"

ಮಾವ ಫೋನಿಟ್ಟು, ಆ ಫೋನನ್ನೂ ಒರೆಸಿದರು. "ನಡೆಸ್ಕೊಂಡೇ ಹೋಗ್ತೀನಿ" ಎಂದರು.

ಅತ್ತೆ ಬಟ್ಟೆ ಹರವುವ ಕೋಲು ಕೆಳಗಿಟ್ಟರು. "ಆ ಮಂಡಿ ಇಟ್ಕೊಂಡು? ಅಲ್ಲಾರೀ, ಇಲ್ಲಿ ಇಷ್ಟು ಮಡಿ ಮಾಡಿ, ಅಲ್ಲಿ ಊರ ಕುದುರೆಗಳ ಮಧ್ಯೆ ಮೂಗಿಗೆ ಮೂಗು ತಾಗಿಸಿ ನಿಲ್ಲಿಸ್ತೀರಾ? ಮಡೀಲಿರೋರು ಹೋಟ್ಲಿಗೆ ಹೋಗ್ತಾರೇನ್ರೀ?"

"ಈ ವರ್ಷ ಬಿಟ್ರೆ ಇನ್ನಿಲ್ಲ ಕಣೇ" ಎಂದರು ಮಾವ. "ಯಾರೂ ಬೇಡ ಅಂದ ಕುದುರೆ. ಒಂದೇ ಒಂದ್ಸಲ ನಾಲ್ಕು ಜನ ಚಪ್ಪಾಳೆ ತಟ್ಟಿ, ಮೊದಲ್ನೇದು ಇವಳೇ ಅನ್ಲಿ ಅಂತ ಆಸೆ."

ಮಾವ ಕೊಟ್ಟಿಗೆಗೆ ಹೋಗಿ ಚಂದ್ರಿಯ ಕುತ್ತಿಗೆ ಸವರುತ್ತಾ ಬಹಳ ಹೊತ್ತು ನಿಂತರು. ಹೊರಗೆ ಬಂದು ಪ್ರದರ್ಶನದವರಿಗೆ ಫೋನು ಮಾಡಿದರು. "ನಮ್ಮ ಹುಡುಗಿ ಬರೋಲ್ಲ ಸ್ವಾಮಿ. ಮಡೀಲಿದಾಳೆ."

ಪ್ರದರ್ಶನದ ದಿನ ಮಾವನಿಗೆ ಸಮಾಧಾನ ಹೇಳೋಣವೆಂದು ನಾನು ಹೋದೆ. ಹಿತ್ತಲಿನ ತುಂಬ ರಂಗೋಲಿ! ಅಕ್ಕಪಕ್ಕದ ಮಹಡಿಗಳ ಮೇಲೆಲ್ಲ ಕಾಫಿ ಲೋಟ ಹಿಡಿದ ಜನ! ಎಲ್ಲ ಅತ್ತೆಯದೇ ಏರ್ಪಾಡು. ಮಾವನಿಗೆ ಏನೂ ಗೊತ್ತಿರಲಿಲ್ಲ.

"ಮುಖ ಸಣ್ಣ ಮಾಡ್ಕೊಂಡು ಕೂತಿದ್ದು ಸಾಕು. ಮಗಳನ್ನ ಕರ್ಕೊಂಡ್ಬನ್ನಿ, ಜನ ಕಾಯ್ತಿದಾರೆ" ಎಂದರು ಅತ್ತೆ. ಮಗಳು! ಸವತಿ ಯಾವಾಗ ಮಗಳಾದಳೋ ನನಗೂ ತಿಳಿಯಲಿಲ್ಲ.

ಮಾವ ಚಂದ್ರಿಯನ್ನು ತುಳಸಿಕಟ್ಟೆಯ ಸುತ್ತ ನಡೆಸಿದರು. ಅವಳು ಸ್ವಲ್ಪ ಕುಂಟುತ್ತಲೇ ಕತ್ತೆತ್ತಿ ನಡೆದಳು. ಮಹಡಿಗಳಿಂದ ಚಪ್ಪಾಳೆ ಸುರಿಯಿತು. ಆಗ ಮಡಿಸೀರೆಯಲ್ಲಿ ಆರತಿ ತಟ್ಟೆ ಹಿಡಿದು ಅತ್ತೆ ಬಂದರು. ದೂರದಲ್ಲೇ ನಿಲ್ಲುತ್ತಾರೆಂದು ನಾವೆಲ್ಲ ಅಂದುಕೊಂಡಿದ್ದೆವು. ನಿಲ್ಲಲಿಲ್ಲ. ಆರತಿ ಎತ್ತಿ, ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಹತ್ತಿರ ಹೋಗಿ ಚಂದ್ರಿಯ ಹಣೆಗೆ ಕುಂಕುಮವಿಟ್ಟರು. ತಮ್ಮ ಮುಡಿಯ ಮಲ್ಲಿಗೆ ತೆಗೆದು ಅವಳ ಕೂದಲಿಗೆ ಸಿಕ್ಕಿಸಿದರು. ಚಂದ್ರಿ ಅತ್ತೆಯ ಹೆಗಲಿಗೆ ಮೂಗು ಉಜ್ಜಿದಳು.

ಮಾವ ಹಗ್ಗ ಹಿಡಿದೇ ಹತ್ತಿರ ಬಂದರು. "ಅಯ್ಯೋ, ನಿನ್ನ ಮಡಿ ಹೋಯ್ತಲ್ಲೇ."

ಅತ್ತೆ ಚಂದ್ರಿಯ ಕುತ್ತಿಗೆಯಿಂದ ಕೈ ತೆಗೆಯಲಿಲ್ಲ.

"ಹೋಗ್ಲಿ ಬಿಡ್ರೀ. ಹುಡುಗಿಗೆ ಮೊದಲ್ನೇ ಬಹುಮಾನ ಬಂದಿದೆ. ಇನ್ನೊಂದ್ಸಲ ಸ್ನಾನ ಮಾಡಿದ್ರಾಯ್ತು."